ಹಿತ್ತಲಿನ ಹಕ್ಕಿ ಫೋಟೋಗೆ ಮೊದಲು ಯಾವುದು: ನೀರಿನ ತಟ್ಟೆಯೋ, ದೊಡ್ಡ ಲೆನ್ಸೋ?

ಅಮೆರಿಕದ ಅರಿಝೋನಾ ಮರುಭೂಮಿಯ ಊರು ಟೂಸಾನ್‌ಗೆ ಬಂದು ಮನೆ ಮಾಡಿದವರು ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಹಕ್ಕಿಗಳ ಕಡೆ ತಿರುಗುತ್ತಾರೆ. ಪಾತ್ರೆ ತೊಳೆಯುತ್ತಾ ಕಿಟಕಿಯಾಚೆ ನೋಡಿದರೆ ಸಾಕು. ಹಣೆಯ ಮೇಲೆ ಜುಟ್ಟು ಬಾಗಿಸಿಕೊಂಡ ಗ್ಯಾಂಬೆಲ್ ಲಾವಕ್ಕಿಗಳು ಜಲ್ಲಿಯ ಮೇಲೆ ಸಾಲಾಗಿ ಓಡುತ್ತಿರುತ್ತವೆ. ಫೋನಿನಲ್ಲಿ ತೆಗೆದರೆ ಕಂದು ಚುಕ್ಕೆಗಳು ಮಾತ್ರ ಬರುತ್ತವೆ. ಆಗ ಎಲ್ಲರೂ ಕೇಳುವುದು ಒಂದೇ: ಯಾವ ಲೆನ್ಸ್ ತಗೊಳ್ಳಲಿ?

ನಾನು ಮೊದಲು ಕೇಳುವುದು ಬೇರೆ. ಹಕ್ಕಿ ನಿಮ್ಮಿಂದ ಎಷ್ಟು ದೂರದಲ್ಲಿ ಬಂದು ಕೂರುತ್ತದೆ?

ಲೆಕ್ಕ ಸುಲಭ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಗೆ 400 ಮಿ.ಮೀ. ಲೆನ್ಸ್ ಹಾಕಿ 10 ಮೀಟರ್ ಆಚೆ ನೋಡಿದರೆ ಚಿತ್ರದ ಅಗಲದಲ್ಲಿ ಸುಮಾರು 90 ಸೆಂ.ಮೀ. ಜಾಗ ಬರುತ್ತದೆ. ಅದರಲ್ಲಿ 11 ಸೆಂ.ಮೀ. ಉದ್ದದ ವರ್ಡಿನ್ ಅನ್ನುವ ಪುಟ್ಟ ಹಕ್ಕಿ ಕುಳಿತರೆ ಹುಡುಕಿ ತೋರಿಸಬೇಕಾಗುತ್ತದೆ. 600ರ ಲೆನ್ಸ್ ಹಾಕಿದರೆ ಜಾಗ 60 ಸೆಂ.ಮೀ.ಗೆ ಇಳಿಯುತ್ತದೆ. ಈಗ 400ರ ಲೆನ್ಸನ್ನೇ ಇಟ್ಟುಕೊಂಡು ಹಕ್ಕಿಯನ್ನು 3 ಮೀಟರ್ ಹತ್ತಿರಕ್ಕೆ ಬರುವ ಹಾಗೆ ಮಾಡಿ. ಅಗಲ ಬರೀ 27 ಸೆಂ.ಮೀ. ಅಂದರೆ 10 ಮೀಟರ್ ದೂರದ ಹಕ್ಕಿಗೆ 1300 ಮಿ.ಮೀ. ಲೆನ್ಸ್ ಹಿಡಿದಷ್ಟೇ ಆಯಿತು.

ಮರುಭೂಮಿಯಲ್ಲಿ ಇನ್ನೊಂದು ಮಾತಿದೆ. ಬಿಸಿಲು ಏರಿದ ಮೇಲೆ ಕಾದ ಜಲ್ಲಿಯಿಂದ ಬಿಸಿಗಾಳಿ ಏಳುತ್ತದೆ. ದೂರದ ರಸ್ತೆಯಲ್ಲಿ ಬಿಸಿಲ್ಗುದುರೆ ನೋಡಿದ್ದೀರಿ, ಅಲ್ವಾ? ಅದರ ಚಿಕ್ಕ ರೂಪ ನಿಮ್ಮ ಹಿತ್ತಲಲ್ಲೂ ಇರುತ್ತದೆ. ಲೆನ್ಸಿಗೂ ಹಕ್ಕಿಗೂ ನಡುವೆ ಈ ಗಾಳಿ ಜಾಸ್ತಿ ಇದ್ದಷ್ಟೂ ಗರಿಗಳ ಗೆರೆ ಕಲಸಿಹೋಗುತ್ತದೆ. ಎಷ್ಟು ದುಬಾರಿ ಲೆನ್ಸ್ ತಂದರೂ ಇದು ಸರಿಹೋಗುವುದಿಲ್ಲ. ದೂರ ಕಡಿಮೆ ಮಾಡುವುದೊಂದೇ ದಾರಿ. ಅದಕ್ಕೇ ನನ್ನ ಸಲಹೆಯ ಸಾಲು ಹೀಗಿದೆ: ಮೊದಲು ಹಕ್ಕಿ ಬರುವ ಕಾರಣ, ಆಮೇಲೆ ನೀವು ಕೂರುವ ಜಾಗ, ಕೊನೆಗೆ ಲೆನ್ಸ್.

ನೀರು, ಕಾಳು, ಸಕ್ಕರೆ ನೀರು, ಗಿಡ

ನಾಲ್ಕರಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಕಣ್ಣು ಮುಚ್ಚಿ ನೀರು ಅನ್ನುತ್ತೇನೆ. ಟೂಸಾನ್‌ನಲ್ಲಿ ವರ್ಷಕ್ಕೆ 300 ಮಿ.ಮೀ. ಮಳೆ ಬೀಳುವುದೂ ಕಷ್ಟ. ಅದರಲ್ಲಿ ಅರ್ಧದಷ್ಟು ಬೇಸಿಗೆಯ ಮಾನ್ಸೂನ್ ವಾರಗಳಲ್ಲೇ ಸುರಿದುಹೋಗುತ್ತದೆ. ಮೇ, ಜೂನ್‌ನಲ್ಲಿ ಒಂದು ತಟ್ಟೆ ನೀರಿಗೆ ಬರುವಷ್ಟು ಬಗೆಯ ಹಕ್ಕಿಗಳು ಯಾವ ಕಾಳಿಗೂ ಬರುವುದಿಲ್ಲ. ಕಾಳು ತಿನ್ನುವವು ಕಾಳಿಗೆ ಬರುತ್ತವೆ. ಹುಳ ತಿನ್ನುವವು, ಹಣ್ಣು ತಿನ್ನುವವು, ಗಿಡುಗಗಳು ಕೂಡ ನೀರಿಗೆ ಬರುತ್ತವೆ. ಕೂಪರ್ ಗಿಡುಗ ತಟ್ಟೆಯಲ್ಲಿ ಹೊಟ್ಟೆ ಮುಳುಗಿಸಿ ನಿಂತಿದ್ದನ್ನು ಮೊದಲ ಸಲ ನೋಡಿದ ದಿನ ನನ್ನ ಕಾಫಿ ಆರಿಹೋಯಿತು. ಬೇಕಾದ ಚಿತ್ರ ಮಾತ್ರ ಸಿಕ್ಕಿತು.

ಎಲ್ಲ ಹಕ್ಕಿಗೂ ನೀರು ಅಷ್ಟೇ ಬೇಕು ಅಂತಲ್ಲ. ಕ್ಯಾಕ್ಟಸ್ ರೆನ್ ತನಗೆ ಬೇಕಾದ ನೀರನ್ನು ಹೆಚ್ಚಾಗಿ ತಿನ್ನುವ ಹುಳ, ಹಣ್ಣುಗಳಿಂದಲೇ ಪಡೆಯುತ್ತದೆ. 1931ರಿಂದ ಅರಿಝೋನಾದ ರಾಜ್ಯಪಕ್ಷಿ ಇದೇ. ಕೋಗಿಲೆಯ ಕುಲದ ರೋಡ್‌ರನ್ನರ್ ಕೂಡ ಹಾಗೆ, ಹಿಡಿದು ತಿಂದ ಹಲ್ಲಿ ಹಾವುಗಳಿಂದಲೇ ಬಾಯಾರಿಕೆ ತೀರಿಸಿಕೊಳ್ಳಬಲ್ಲದು. ಆದರೂ ಎರಡೂ ತಟ್ಟೆಯ ಸುತ್ತ ಸುಳಿಯುತ್ತವೆ. ಒದ್ದೆ ಇರುವಲ್ಲಿ ಹುಳ ಇರುತ್ತದೆ, ಸಣ್ಣ ಹಕ್ಕಿ ಬರುವಲ್ಲಿ ರೋಡ್‌ರನ್ನರ್‌ಗೆ ಬೇಟೆ ಸಿಗುತ್ತದೆ.

ತಟ್ಟೆ ಯಾವುದು? ಕಬ್ಬಿಣದ್ದು, ಸ್ಟೀಲಿನದು ಬೇಡ. ಬಿಸಿಲಿಗೆ ಮುಟ್ಟಲಾಗದಷ್ಟು ಕಾಯುತ್ತದೆ, ಫೋಟೋದಲ್ಲಿ ಹೊಳಪೂ ಹೊಡೆಯುತ್ತದೆ. ಹೂಕುಂಡದ ಕೆಳಗಿಡುವ ಅಗಲದ ಮಣ್ಣಿನ ತಟ್ಟೆ ಸಾಕು. ಮಣ್ಣು ಸ್ವಲ್ಪ ನೀರನ್ನು ಹೊರಗೆ ಜಿನುಗಿಸುವುದರಿಂದ ತಂಪಾಗಿರುತ್ತದೆ, ಬಣ್ಣವೂ ಚಿತ್ರಕ್ಕೆ ಹೊಂದುತ್ತದೆ. ಆಳ 3ರಿಂದ 5 ಸೆಂ.ಮೀ. ಮೀರಬಾರದು. ನೆರಳಲ್ಲಿಡಿ. ಪೊದೆಯಿಂದ ಎರಡು ಮೂರು ಮೀಟರ್ ದೂರದಲ್ಲಿಡಿ. ತೀರಾ ಹತ್ತಿರ ಇಟ್ಟರೆ ಬೆಕ್ಕು ಅಡಗಿ ಕೂರುತ್ತದೆ, ತೀರಾ ದೂರ ಇಟ್ಟರೆ ಗಿಡುಗ ಬಂದಾಗ ಸಣ್ಣ ಹಕ್ಕಿಗೆ ಓಡಲು ಜಾಗ ಇರುವುದಿಲ್ಲ.

ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ನೀರು ಬದಲಿಸುವುದು ಮನೆಗೆಲಸದ ಒಂದು ಭಾಗವೇ ಆಗಬೇಕು. ಸೊಳ್ಳೆ ಮೊಟ್ಟೆ ಇಟ್ಟು ಮರಿ ಏಳಲು ಒಂದು ವಾರ ಸಾಕು. ಇನ್ನೊಂದು ಎಚ್ಚರ: ಬಿಸಿಲಲ್ಲಿ ಬಿದ್ದಿದ್ದ ಹೋಸ್ ಪೈಪಿನಿಂದ ಮೊದಲು ಬರುವ ನೀರು ಕೈ ಸುಡುವಷ್ಟು ಬಿಸಿ ಇರುತ್ತದೆ. ಅದನ್ನು ಗಿಡದಿಂದಲೂ ತಟ್ಟೆಯಿಂದಲೂ ದೂರ ಚೆಲ್ಲಿ, ತಣ್ಣಗಾದ ಮೇಲೆ ತುಂಬಿಸಿ. ತಟ್ಟೆ ಎತ್ತುವ ಮೊದಲು ಕಾಲಲ್ಲೋ ಕೋಲಲ್ಲೋ ಸ್ವಲ್ಪ ಸರಿಸಿ ನೋಡಿ. ತಂಪು ಹುಡುಕಿಕೊಂಡು ಚೇಳು ಬರುತ್ತದೆ, ರ‍್ಯಾಟಲ್‌ಸ್ನೇಕ್ ಕೂಡ ಬರುತ್ತದೆ.

ಇನ್ನು ಕಾಳು. ಹಕ್ಕಿ ಬೇಗ ಬರಬೇಕು, ಗುಂಪಾಗಿ ಬರಬೇಕು ಅಂದರೆ ಕಾಳು ನೀರಿಗಿಂತ ಚುರುಕು. ಆದರೆ ಯಾವ ಕಾಳು ಅನ್ನುವುದರ ಮೇಲೆ ಅತಿಥಿಗಳು ಯಾರು ಅನ್ನುವುದು ನಿಂತಿದೆ. ಕಪ್ಪು ಸೂರ್ಯಕಾಂತಿ ಬೀಜ ಹಾಕಿದರೆ ಕಾರ್ಡಿನಲ್, ಪಿರುಲೋಕ್ಸಿಯಾ, ಹೌಸ್ ಫಿಂಚ್. ಹುಚ್ಚೆಳ್ಳು ಹಾಕಿದರೆ ಲೆಸ್ಸರ್ ಗೋಲ್ಡ್‌ಫಿಂಚ್. ನೆಲಕ್ಕೆ ಬರಗು ಚೆಲ್ಲಿದರೆ ಲಾವಕ್ಕಿ, ಬೆಳವ. ಅಗ್ಗದ ಮಿಶ್ರಣದ ಚೀಲಗಳಲ್ಲಿ ಕೆಂಪು ಜೋಳವೇ ಜಾಸ್ತಿ ಇರುತ್ತದೆ. ಅದಕ್ಕೆ ಪಾರಿವಾಳಗಳು ಬಂದು ಉಳಿದವನ್ನು ಓಡಿಸುತ್ತವೆ. ಒಂದೇ ಬಗೆಯ ಕಾಳನ್ನು ಸ್ವಲ್ಪ ಸ್ವಲ್ಪ ಹಾಕುವುದು ಒಳ್ಳೆಯದು.

ಕಾಳಿನ ದೊಡ್ಡ ತೊಂದರೆ ರಾತ್ರಿ ಶುರುವಾಗುತ್ತದೆ. ಚೆಲ್ಲಿದ ಕಾಳಿಗೆ ಹಾವೆಲೀನಾಗಳು ಬರುತ್ತವೆ. ನೋಡಲು ಹಂದಿಯ ಹಾಗೆ, ಆದರೆ ಹಂದಿಯಲ್ಲ. ಗುಂಪಾಗಿ ಬಂದರೆ ಕುಂಡಗಳೆಲ್ಲ ಬುಡಮೇಲು. ಟೂಸಾನ್ ಇರುವ ಪೀಮಾ ಕೌಂಟಿಯಂಥ ದೊಡ್ಡ ಕೌಂಟಿಗಳಲ್ಲಿ ಕಾಡುಪ್ರಾಣಿಗಳಿಗೆ ಬೇಕೆಂದೇ ತಿನ್ನಿಸುವುದು ಅರಿಝೋನಾ ಕಾನೂನಿನಲ್ಲಿ ತಪ್ಪು. ಹಕ್ಕಿಗೂ ಮರದ ಅಳಿಲಿಗೂ ಮಾತ್ರ ವಿನಾಯಿತಿ. ಹಾಗಾಗಿ ಬೆಳಿಗ್ಗೆ ಹಾಕಿದ ಕಾಳು ಬೆಳಿಗ್ಗೆಯೇ ಮುಗಿಯುವಷ್ಟಿರಲಿ. ಸಂಜೆ ಪೊರಕೆ ಹಿಡಿದು ಉಳಿದದ್ದನ್ನು ಗುಡಿಸಿಬಿಡಿ. ಹಿತ್ತಲಿಗೆ ಗೋಡೆಯೇ ಇಲ್ಲದವರು ಕಾಳಿನ ಗೋಜಿಗೆ ಹೋಗದಿರುವುದೇ ಮೇಲು.

ಸಕ್ಕರೆ ನೀರು ಹಮ್ಮಿಂಗ್‌ಬರ್ಡ್‌ಗೆ. ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು. ಕೆಂಪು ಬಣ್ಣ ಬೇಡ, ಜೇನೂ ಬೇಡ. ಆನಾಸ್ ಹಮ್ಮಿಂಗ್‌ಬರ್ಡ್ ವರ್ಷವಿಡೀ ಇರುತ್ತದೆ. ಕತ್ತಿನಲ್ಲಿ ನೇರಳೆ ಮೀಸೆಯಂಥ ಗರಿ ಇರುವ ಕೋಸ್ಟಾಸ್ ಚಳಿಗಾಲದ ಕೊನೆಯಲ್ಲಿ ಚೆನ್ನಾಗಿ ಕಾಣುತ್ತದೆ. ವರ್ಡಿನ್‌ಗಳೂ ಹೀಲಾ ಮರಕುಟಿಗಗಳೂ ಇದೇ ಬಾಟಲಿಗೆ ಬಂದು ಜೋತಾಡುತ್ತವೆ. ಚಿತ್ರದ ದೃಷ್ಟಿಯಿಂದ ಇದಕ್ಕೆ ಒಂದು ದೊಡ್ಡ ಅನುಕೂಲ ಇದೆ. ಹಕ್ಕಿ ಎಲ್ಲಿಗೆ ಬರುತ್ತದೆ ಅನ್ನುವುದು ನಿಮಗೆ ಮೊದಲೇ ಗೊತ್ತು. ಬಾಟಲಿ ಚಿತ್ರದಲ್ಲಿ ಬರುವುದು ಬೇಡವಾದರೆ ಅದರಿಂದ ಅರ್ಧ ಮೀಟರ್ ಆಚೆ ಒಂದು ಒಣಗಿದ ಒಕೊಟಿಯೊ ಕಡ್ಡಿ ನೆಡಿ. ಸರದಿ ಕಾಯುವ ಹಕ್ಕಿ ಅದರ ಮೇಲೆ ಕೂರುತ್ತದೆ.

ಕಷ್ಟ ಇರುವುದು ತೊಳೆಯುವುದರಲ್ಲಿ. ಜೂನ್ ಬಿಸಿಲಿಗೆ ಸಕ್ಕರೆ ನೀರು ಒಂದೆರಡು ದಿನದಲ್ಲಿ ಹುಳಿ ಬರುತ್ತದೆ. ಎರಡು ದಿನಕ್ಕೊಮ್ಮೆ ಬಿಚ್ಚಿ, ಬ್ರಷ್ ಹಾಕಿ ತೊಳೆಯಲು ಆಗುವುದಿಲ್ಲ ಅನ್ನುವವರು ದಯವಿಟ್ಟು ಬಾಟಲಿ ತೂಗುಹಾಕಬೇಡಿ. ಕೊಳೆತ ನೀರು ಹಕ್ಕಿಗೆ ಕಾಯಿಲೆ ತರುತ್ತದೆ. ಅಂಥವರಿಗೆ ನಾಲ್ಕನೆಯ ದಾರಿ ಇದೆ, ಗಿಡ. (ಬೇಸಿಗೆಯ ಕೊನೆಗೆ ರಾತ್ರಿ ತುಂಬಿದ್ದ ಬಾಟಲಿ ಬೆಳಿಗ್ಗೆ ಖಾಲಿ ಇದ್ದರೆ ಸೋರಿದೆ ಅಂದುಕೊಳ್ಳಬೇಡಿ. ಮಕರಂದ ಕುಡಿಯುವ ಬಾವಲಿಗಳು ಬಂದುಹೋಗಿರುತ್ತವೆ. ಲೆಸ್ಸರ್ ಲಾಂಗ್-ನೋಸ್ಡ್ ಅನ್ನುವ ಈ ಬಾವಲಿ ಅಮೆರಿಕದ ಅಳಿವಿನಂಚಿನ ಪಟ್ಟಿಯಲ್ಲಿತ್ತು. ಚೇತರಿಸಿಕೊಂಡಿತು ಅಂತ 2018ರಲ್ಲಿ ಪಟ್ಟಿಯಿಂದ ತೆಗೆದರು. ಅದಕ್ಕೆ ಒಂದು ಬಾಟಲಿ ಸಕ್ಕರೆ ನೀರು ಹೋದರೆ ಹೋಗಲಿ.)

ಚುಪರೋಸಾ, ಪೆನ್‌ಸ್ಟೆಮನ್, ಪಾಲೊವರ್ಡೆ, ಡೆಸರ್ಟ್ ವಿಲೋ ಇವೆಲ್ಲ ಈ ನೆಲದ ಗಿಡಮರಗಳೇ. ಬೇರು ಹಿಡಿದ ಮೇಲೆ ಹೆಚ್ಚು ನೀರು ಕೇಳುವುದಿಲ್ಲ. ಕೆಂಪು ಚುಪರೋಸಾ ಹೂವಿಗೆ ಬಾಯಿಟ್ಟ ಕೋಸ್ಟಾಸ್ ಚಿತ್ರದ ಮುಂದೆ ಪ್ಲಾಸ್ಟಿಕ್ ಬಾಟಲಿಯ ಚಿತ್ರ ಏನೂ ಅಲ್ಲ. ಚೋಯಾ ಕಳ್ಳಿ ಇದ್ದರೆ ಕ್ಯಾಕ್ಟಸ್ ರೆನ್, ಕರ್ವ್-ಬಿಲ್ಡ್ ಥ್ರ್ಯಾಶರ್ ಎರಡೂ ಅದರ ಮುಳ್ಳಿನ ನಡುವೆಯೇ ಗೂಡು ಕಟ್ಟುತ್ತವೆ. ಹಿತ್ತಲಲ್ಲಿ ಸವಾರೋ ಅನ್ನುವ ಎತ್ತರದ ಕಳ್ಳಿ ಇರುವವರಂತೂ ಪುಣ್ಯವಂತರು. ಹೀಲಾ ಮರಕುಟಿಗ ಅದರಲ್ಲಿ ಕೊರೆದ ಪೊಟರೆಗೆ ಮುಂದೆ ಪುಟ್ಟ ಎಲ್ಫ್ ಗೂಬೆ ಬಂದು ಸಂಸಾರ ಹೂಡಬಹುದು. ಆದರೆ ಗಿಡಕ್ಕೆ ಕಾಯಬೇಕು. ಇವತ್ತು ನೆಟ್ಟು ಮುಂದಿನ ವಾರ ಫೋಟೋ ಸಿಗುವುದಿಲ್ಲ.

ಹಾಗಾಗಿ ನನ್ನ ತೀರ್ಮಾನ: ಇವತ್ತೇ ನೀರಿನ ತಟ್ಟೆ ಇಡಿ, ಈ ಚಳಿಗಾಲದ ಮುಂಚೆ ಒಂದು ಚುಪರೋಸಾ ನೆಡಿ. ಕಾಳು, ಬಾಟಲಿ ಎರಡೂ ನಿಮ್ಮ ಬಿಡುವು ನೋಡಿಕೊಂಡು.

ಎಲ್ಲಿ ಕೂರುವುದು

ಅಡುಗೆಮನೆ ಕಿಟಕಿಯಿಂದ ತೆಗೆಯುವುದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಒಳಗೆ ಎ.ಸಿ. ಇದೆ, ಹಕ್ಕಿ ಬೆದರುವುದಿಲ್ಲ. ಆದರೆ ಎರಡು ಪದರದ ಗಾಜು ಚಿತ್ರವನ್ನು ಮಂಕು ಮಾಡುತ್ತದೆ. ಲೆನ್ಸನ್ನು ಗಾಜಿಗೆ ನೇರವಾಗಿ, ಹತ್ತಿರ ಹಿಡಿದರೆ ಪರವಾಗಿಲ್ಲ. ಓರೆಯಾಗಿ ಹಿಡಿದರೆ ಕೆಟ್ಟಿತು. ಕಿಟಕಿ ತೆಗೆದರೆ ಗಾಜಿನ ಕಾಟ ತಪ್ಪುತ್ತದೆ, ಬೇಸಿಗೆಯಲ್ಲಿ ಇನ್ನೊಂದು ಶುರುವಾಗುತ್ತದೆ. ಒಳಗಿನ ತಣ್ಣನೆಯ ಗಾಳಿ ಹೊರಗಿನ ಬಿಸಿಗಾಳಿಗೆ ಲೆನ್ಸಿನ ಮುಂದೆಯೇ ಬೆರೆತು ಚಿತ್ರ ನಡುಗುತ್ತದೆ. ಲೆನ್ಸ್ ಕೆಟ್ಟಿದೆ ಅಂದುಕೊಂಡು ನಾನು ಒಂದು ತಿಂಗಳು ಒದ್ದಾಡಿದ್ದೆ. ಚಳಿಗಾಲದಲ್ಲಿ ಅದೇ ಕಿಟಕಿ, ಅದೇ ಲೆನ್ಸ್, ಚಿತ್ರ ಸ್ಫಟಿಕದ ಹಾಗೆ ಬಂತು.

ಕಿಟಕಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಫೋಟೋಗೆ ಚೆನ್ನ ಅನಿಸುವ 3 ಮೀಟರ್ ದೂರ ಹಕ್ಕಿಯ ಪ್ರಾಣಕ್ಕೆ ಕೆಟ್ಟ ದೂರ. ಗಿಡುಗ ಬಂದಾಗ ಎದ್ದ ಹಕ್ಕಿ ಗಾಜಿಗೆ ಬಡಿಯುವಷ್ಟರಲ್ಲಿ ಪೂರ್ತಿ ವೇಗ ಹಿಡಿದಿರುತ್ತದೆ. ತಟ್ಟೆ, ಬಾಟಲಿ ಗಾಜಿನಿಂದ 1 ಮೀಟರ್ ಒಳಗಿರಬೇಕು, ಇಲ್ಲವೇ 10 ಮೀಟರ್ ಆಚೆ ಇರಬೇಕು. ನಡುವೆ ಇಡಲೇಬೇಕು ಅಂದರೆ ಗಾಜಿನ ಹೊರಮೈಗೆ 5 ಸೆಂ.ಮೀ.ಗೊಂದರಂತೆ ಚುಕ್ಕೆ ಅಂಟಿಸಿ ಅಥವಾ ಹೊರಗಡೆ ಬಲೆ ಹಾಕಿ. ಒಂದೇ ಒಂದು ದೊಡ್ಡ ಸ್ಟಿಕ್ಕರ್ ಅಂಟಿಸಿದರೆ ಸಾಲದು.

ನಾನು ಆರಿಸಿಕೊಂಡಿದ್ದು ಹಿಂದಿನ ಜಗಲಿ. ನೆರಳಲ್ಲಿ ತಗ್ಗಾದ ಒಂದು ಕುರ್ಚಿ, ಮುಂದೆ ಮಾಸಲು ಬಣ್ಣದ ಬಟ್ಟೆ ಹರವಿದ ಒಂದು ಸ್ಟೂಲು. ತಟ್ಟೆ ಗಾಜಿನ ಬಾಗಿಲಿಗೆ ಎದುರಾಗಿಲ್ಲ, ಪಕ್ಕಕ್ಕೆ ಗೋಡೆಯ ಕಡೆ ಇದೆ. ಮೊದಲ ವಾರ ಹಕ್ಕಿಗಳು ದೂರವೇ ನಿಂತವು. ದಿನಾ ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ, ಅಲುಗಾಡದೆ ಕೂತೆ. ಎರಡನೆಯ ವಾರಕ್ಕೆ ಲಾವಕ್ಕಿಗಳು ನನ್ನನ್ನು ಕುಂಡದ ಹಾಗೆ ಬಿಟ್ಟುಬಿಟ್ಟವು. ಗುಡಾರದಂಥ ಮರೆ ಕೊಳ್ಳುವುದೂ ಒಂದು ದಾರಿ, ನವೆಂಬರಿನಿಂದ ಮಾರ್ಚ್‌ವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಅದರೊಳಗೆ ಕೂರಲು ಹೋಗಬೇಡಿ, ಆರೋಗ್ಯಕ್ಕೆ ಅಪಾಯ.

ಕುರ್ಚಿ ತಗ್ಗಾಗಿರಲಿ ಅಂದಿದ್ದಕ್ಕೆ ಕಾರಣ ಇದೆ. ನೆಲದ ಹಕ್ಕಿಯನ್ನು ನಿಂತು ತೆಗೆದರೆ ಹಿನ್ನೆಲೆಯಲ್ಲಿ ಬರೀ ಜಲ್ಲಿ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದರೆ ಹಿನ್ನೆಲೆ ದೂರ ಸರಿದು ಮೆತ್ತಗಾಗುತ್ತದೆ. ಮಂಡಿ ನೋವಿರುವವರು ತಟ್ಟೆಯನ್ನೇ ಒಂದು ಕಟ್ಟೆಯ ಮೇಲೆ ಎತ್ತರಿಸಿ. ಎರಡೂ ಒಂದೇ.

ಇನ್ನು ಲೆನ್ಸ್

ಹಕ್ಕಿ 3 ಮೀಟರ್‌ನಲ್ಲಿದೆ ಅಂದಮೇಲೆ ಲೆನ್ಸ್ ಆರಿಸುವಾಗ ಎಷ್ಟು ಉದ್ದ ಅನ್ನುವುದಕ್ಕಿಂತ ಎಷ್ಟು ಹತ್ತಿರಕ್ಕೆ ಫೋಕಸ್ ಮಾಡುತ್ತದೆ ಅನ್ನುವುದು ಮುಖ್ಯ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಕ್ಯಾನನ್ ಮಿರರ್‌ಲೆಸ್ ಇರುವವರಿಗೆ ಎರಡು ಅಗ್ಗದ ದಾರಿಗಳಿವೆ. 2020ರಲ್ಲಿ ಬಂದ ಆರ್‌ಎಫ್ 600 ಎಫ್/11 ಹಗುರ, 930 ಗ್ರಾಂ. ಎಫ್/11 ಅಂದರೆ ಬೆಳಕು ಒಳಗೆ ಬರುವ ಕಿಂಡಿ ಚಿಕ್ಕದು, ಅದಕ್ಕೇ ಜನ ಮೂಗು ಮುರಿಯುತ್ತಾರೆ. ಮೋಡ ಮುಸುಕಿದ ಕಾಡಿನಲ್ಲಿ ಅವರ ಮಾತು ಸರಿ. ಇಲ್ಲಿನ ಸೊನೋರನ್ ಮರುಭೂಮಿಯ ಬಿಸಿಲಲ್ಲಿ ಎಫ್/11, ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಅಳತೆ) 800 ಇಟ್ಟರೆ 1/1600 ಸೆಕೆಂಡ್ ಶಟರ್ ಸಿಗುತ್ತದೆ. ಕೂತ ಹಕ್ಕಿಗೆ ಅದು ಧಾರಾಳ. ಬೆಳಕು ಇಲ್ಲಿ ಕೊರತೆಯೇ ಅಲ್ಲ. ಕೊರತೆ ಇರುವುದು ಬೇರೆ ಕಡೆ: ಈ ಲೆನ್ಸ್ 4.5 ಮೀಟರಿಗಿಂತ ಹತ್ತಿರ ಫೋಕಸ್ ಮಾಡುವುದಿಲ್ಲ. ನಿಮ್ಮ ತಟ್ಟೆ 3 ಮೀಟರ್‌ನಲ್ಲಿದ್ದರೆ ಕುರ್ಚಿ ಹಿಂದಕ್ಕೆ ಎಳೆಯಬೇಕು.

2021ರ ಆರ್‌ಎಫ್ 100-400 ಇನ್ನೂ ಹಗುರ, 635 ಗ್ರಾಂ. 88 ಸೆಂ.ಮೀ. ಹತ್ತಿರಕ್ಕೂ ಫೋಕಸ್ ಮಾಡುತ್ತದೆ. ಬಂದಾಗ ಬೆಲೆ 650 ಡಾಲರ್ ಆಸುಪಾಸು. ಲಾವಕ್ಕಿಯ ಸಂಸಾರ ಪೂರ್ತಿ ಬೇಕಾದರೆ ಜೂಮ್ ಹಿಂದಕ್ಕೆ, ವರ್ಡಿನ್‌ನ ಹಳದಿ ಮುಖ ಬೇಕಾದರೆ ಮುಂದಕ್ಕೆ. ಚಿಕ್ಕ ಹಿತ್ತಲಿಗೆ, ಕೈಯಲ್ಲೇ ಹಿಡಿಯುವವರಿಗೆ ನಾನು ಹೇಳುವುದು ಇದನ್ನೇ. ಬೇರೆ ಕಂಪನಿಯ ಕ್ಯಾಮೆರಾ ಇದ್ದರೂ ಇದೇ ಅಳತೆಗೋಲು: 400ರ ಆಸುಪಾಸು, ಒಂದು ಕಿಲೋ ಒಳಗೆ ಅಥವಾ ಸ್ವಲ್ಪ ಹೆಚ್ಚು, ಒಂದೂವರೆ ಮೀಟರಿಗೆ ಫೋಕಸ್.

600ರ ದೊಡ್ಡ ಜೂಮ್‌ಗಳು ಯಾರಿಗೆ? ಹಿತ್ತಲಿನ ಗೋಡೆಯಾಚೆ ಬಯಲಿದ್ದು, ಸವಾರೋ ತುದಿಯ ಹ್ಯಾರಿಸ್ ಗಿಡುಗ ಬೇಕು ಅನ್ನುವವರಿಗೆ. ಸಿಗ್ಮಾ 150-600 ಕಂಟೆಂಪರರಿ 1.93 ಕಿಲೋ, 2.8 ಮೀಟರಿಂದ ಫೋಕಸ್. ಟ್ಯಾಮ್ರಾನ್ 150-600 ಜಿ2 ಸುಮಾರು 2 ಕಿಲೋ, 2.2 ಮೀಟರ್. ಸೋನಿ 200-600 ಎರಡು ಕಿಲೋ ಮೀರುತ್ತದೆ, 2.4 ಮೀಟರ್. ಎಲ್ಲವೂ ಒಳ್ಳೆಯ ಲೆನ್ಸ್‌ಗಳೇ. ಆದರೆ 3 ಮೀಟರಿನಲ್ಲಿ 600 ಹಿಡಿದರೆ ಅಗಲ 18 ಸೆಂ.ಮೀ. ಕ್ಯಾಕ್ಟಸ್ ರೆನ್ ಕೊಕ್ಕಿನಿಂದ ಬಾಲದವರೆಗೆ ಇರುವುದೇ ಅಷ್ಟು. ಬಾಲ ಕತ್ತರಿಸಿಹೋಗುತ್ತದೆ. ಎರಡು ಕಿಲೋ ಹಿಡಿದು ಅರ್ಧ ಗಂಟೆ ಕೂರುವುದೂ ಸುಲಭವಲ್ಲ. ಮರಳಿನ ಚೀಲವೋ ಟ್ರೈಪಾಡೋ ಬೇಕೇ ಬೇಕು.

ಲೆನ್ಸ್ ಬದಲಿಸುವ ರಗಳೆಯೇ ಬೇಡ ಅಂದರೆ ಬ್ರಿಜ್ ಕ್ಯಾಮೆರಾ. ಸೋನಿ ಆರ್‌ಎಕ್ಸ್10 ಮಾರ್ಕ್ 4 ಒಂದೇ ಮೈಯಲ್ಲಿ 24ರಿಂದ 600ಕ್ಕೆ ಸಮನಾದ ಜೂಮ್ ಕೊಡುತ್ತದೆ, ತೂಕ 1.1 ಕಿಲೋ. ಇಲ್ಲಿನ ಬೆಳಕಿನಲ್ಲಿ ಅದರ ಒಂದು ಇಂಚಿನ ಸೆನ್ಸರ್ ಚೆನ್ನಾಗಿಯೇ ನಡೆಯುತ್ತದೆ. ಇನ್ನೊಂದು ಅನುಕೂಲ ಧೂಳು. ಮರುಭೂಮಿಯ ಗಾಳಿಯಲ್ಲಿ ಲೆನ್ಸ್ ಬಿಚ್ಚಿ ಹಾಕಿದಷ್ಟೂ ಸೆನ್ಸರ್ ಮೇಲೆ ಚುಕ್ಕೆ ಕೂರುತ್ತದೆ. ಇದರಲ್ಲಿ ಬಿಚ್ಚುವುದೇ ಇಲ್ಲ. ನಿಕಾನ್ ಪಿ1000ರ 3000 ಮಿ.ಮೀ. ಅಂಕಿ ನೋಡಿ ಮರುಳಾಗಬೇಡಿ. ಚಂದ್ರನಿಗೆ ಅದು ಸೊಗಸು. ಬಿಸಿಲು ಏರಿದ ಮೇಲೆ ದೂರದ ಹಕ್ಕಿಗೆ ಹಿಡಿದರೆ ಬಿಸಿಗಾಳಿಯನ್ನೇ ಜೂಮ್ ಮಾಡಿದಂತೆ.

ಫೋನ್ ಬಿಟ್ಟು ಬೇರೇನೂ ಇಲ್ಲದವರೂ ನಿರಾಶರಾಗಬೇಕಿಲ್ಲ. ಸಕ್ಕರೆ ನೀರಿನ ಬಾಟಲಿಯ ಹತ್ತಿರ ಫೋನನ್ನು ಸ್ಟ್ಯಾಂಡಿಗೆ ಕಟ್ಟಿ, ಬ್ಲೂಟೂತ್ ರಿಮೋಟಿನಿಂದ ದೂರ ಕೂತು ಒತ್ತಿ. ಹಮ್ಮಿಂಗ್‌ಬರ್ಡ್‌ಗೆ ಫೋನಿನ ಹೆದರಿಕೆ ಇಲ್ಲ. ಬಿಸಿಲಿಗೆ ಫೋನ್ ಕಾದು ತಾನೇ ಆಫ್ ಆಗುವುದುಂಟು. ನೆರಳಲ್ಲಿ ಕಟ್ಟಿ.

ಯಾವ ಹೊತ್ತು, ಯಾವ ತಿಂಗಳು

ಜೂನ್‌ನಲ್ಲಿ ಸೂರ್ಯ 5:15ರ ಸುಮಾರಿಗೆ ಹುಟ್ಟುತ್ತಾನೆ. 7 ಗಂಟೆಯ ಮೇಲೆ ಬೆಳಕು ಗಡುಸಾಗುತ್ತದೆ, ಹಕ್ಕಿಯ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಆ ಒಂದೂವರೆ ಗಂಟೆಯಲ್ಲೇ ಕೆಲಸ ಮುಗಿಸಿ ಒಳಗೆ ಬನ್ನಿ. ಬೆಳಿಗ್ಗೆ ತೆಗೆಯುವವರು ತಟ್ಟೆಯ ಪೂರ್ವಕ್ಕೆ ಕೂರಬೇಕು, ಸಂಜೆಯವರು ಪಶ್ಚಿಮಕ್ಕೆ. ಜಗಲಿ ಯಾವ ದಿಕ್ಕಿಗಿದೆ ನೋಡಿ ಹೊತ್ತು ಆರಿಸಿ, ಕುರ್ಚಿ ಹೊತ್ತು ತಿರುಗುವುದಕ್ಕಿಂತ ಇದು ಸುಲಭ.

ಡಿಸೆಂಬರಿನಲ್ಲಿ ಇಷ್ಟು ಅವಸರ ಇಲ್ಲ. 7:15ರ ಮೇಲೆ ಸೂರ್ಯ ಬರುತ್ತಾನೆ, ದಿನವಿಡೀ ತಗ್ಗಿನಲ್ಲೇ ಇರುತ್ತಾನೆ. ವೈಟ್-ಕ್ರೌನ್ಡ್ ಗುಬ್ಬಿಗಳು ಚಳಿಗೆ ಇಳಿದು ಬಂದಿರುತ್ತವೆ. ರೋಡ್‌ರನ್ನರ್ ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು, ಗರಿ ಎತ್ತಿ, ಒಳಗಿನ ಕಪ್ಪು ಚರ್ಮ ಕಾಯಿಸಿಕೊಳ್ಳುತ್ತಾ ಅಲುಗಾಡದೆ ನಿಂತಿರುತ್ತದೆ. ಹೊಸಬರು ಕಲಿಯಲು ಚಳಿಗಾಲ ಒಳ್ಳೆಯದು. ಬಗೆಬಗೆಯ ಹಕ್ಕಿ ಬೇಕು ಅಂದರೆ ಮೇ, ಜೂನ್.

ಮಾನ್ಸೂನ್ ದಿನಗಳಲ್ಲಿ ಒಂದು ಎಚ್ಚರ. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಮಾನ್ಸೂನ್ ಅಂತ ಲೆಕ್ಕ. ಗಾಳಿಯಲ್ಲಿ ತೇವ ಬಂದಮೇಲೆ ಎ.ಸಿ. ಕೋಣೆಯಿಂದ ತಣ್ಣನೆಯ ಲೆನ್ಸನ್ನು ಹೊರಗೆ ತಂದರೆ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಚೀಲದಲ್ಲೇ ಇಟ್ಟು ಅರ್ಧ ಗಂಟೆ ಮುಂಚೆ ಜಗಲಿಯಲ್ಲಿಡಿ.

ಏಪ್ರಿಲ್ ಬಂತೆಂದರೆ ತಟ್ಟೆಯನ್ನು ಇನ್ನೊಮ್ಮೆ ನೋಡಿ. ಲಾವಕ್ಕಿ ಮರಿಗಳು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ತಾಯಿಯ ಹಿಂದೆ ಓಡಿ ನೀರಿಗೆ ಬರುತ್ತವೆ. ಒಂದೊಂದೂ ಅಡಿಕೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. 5 ಸೆಂ.ಮೀ. ನೀರೂ ಅವಕ್ಕೆ ಆಳ. ತಟ್ಟೆಯ ನಡುವೆ ಎರಡು ಮೂರು ಚಪ್ಪಟೆ ಕಲ್ಲು ಹಾಕಿಡಿ, ಬಿದ್ದ ಮರಿ ಹತ್ತಿ ಬರುವ ಹಾಗೆ.